ವಾಲಿದ ದೋಣಿಯ ಚಿತ್ರ

ಫೆಬ್ರವರಿ ೩

ಅಣ್ಣನಿಗೆ,

ಲಕೋಟೆಯ ಮೇಲಿನ ಅಕ್ಷರ ನೋಡಿಯೇ ನಾನೆಂದು ಗೊತ್ತಾಗಿರುತ್ತದೆ. ಇಲ್ಲಿ ಎಲ್ಲರೂ ನೆಟ್ಟಗಿದ್ದೇವೆ, ಗಾಬರಿಯಿಂದ ಕೊನೆಯ ಸಾಲಿಗೆ ಹಾರಬೇಡ. ಅಪ್ಪ ಹೋಗಿ ಒಂಬತ್ತು ವರ್ಷವಾಯಿತು. ಅಷ್ಟು ವರ್ಷಗಳಲ್ಲಿ ನಾವು ಒಬ್ಬರಿಗೊಬ್ಬರು ಬರೆದ ಕಾಗದಗಳನ್ನು ಎಣಿಸಿದರೆ ಒಂದು ಕೈಯ ಬೆರಳುಗಳೇ ಮಿಗುತ್ತವೆ. ಫೋನ್ ಮಾಡೋಣವೆಂದರೆ ಅಚ್ಚಿನ ಯಂತ್ರ ನಿನ್ನ ಕಿವಿಗಳನ್ನು ಯಾವತ್ತೋ ತಿಂದು ಹಾಕಿದೆ. ನಾನು "ಊಟ ಆಯ್ತಾ" ಅಂದರೆ ನೀನು "ಹೂಂ, ಇಲ್ಲೂ ಬಿಸಿಲು" ಅನ್ನುತ್ತೀ. ಅದಕ್ಕೇ ಕಾಗದ.

ನೇರವಾಗಿ ಕೆಲಸದ ಮಾತಿಗೆ ಬರುತ್ತೇನೆ. ನಾನೂ ನನ್ನ ಸೊಸೆಯೂ ಸೇರಿ ಒಂದು ವಿಡಿಯೋ ಗೇಮ್ ಮಾಡಿದ್ದೇವೆ. ನಗಬೇಡ. ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವಳಿಗೆ ಅವರು ಯಾವಾಗ ಕಿಟಕಿಯ ಕಡೆ ತಿರುಗುತ್ತಾರೆ ಎಂಬುದಾದರೂ ಗೊತ್ತಿರುತ್ತದೆ. ಕಂಪ್ಯೂಟರಿನ ಕೆಲಸವೆಲ್ಲ ಸೊಸೆಯದು. ಆಟದ ಹೆಸರು "ಆಚೆ ದಡ". ಒಂದು ದೋಣಿ ಇದೆ. ದಡದಲ್ಲಿ ಜನ ಕಾಯುತ್ತಿರುತ್ತಾರೆ, ಒಬ್ಬೊಬ್ಬರದು ಒಂದೊಂದು ತೂಕ. ಯಾರನ್ನು ನಡುವಿನಿಂದ ಎಷ್ಟು ದೂರ ಕೂರಿಸಬೇಕು ಎಂದು ಮಗು ಯೋಚಿಸಬೇಕು. ತೂಕ ಸಮನಾದರೆ ದೋಣಿ ಹೊರಡುತ್ತದೆ. ಕೂಡುವುದು, ಗುಣಿಸುವುದು, ಸಮ ಮಾಡುವುದು ಎಲ್ಲವೂ ಅದರಲ್ಲಿದೆ. ಲೆಕ್ಕ ಎಂಬ ಪದ ಮಾತ್ರ ಎಲ್ಲೂ ಇಲ್ಲ.

ಇದು ಎಲ್ಲಿಂದ ಬಂತೆಂದು ನಿನಗೆ ಹೇಳಬೇಕಾಗಿಲ್ಲ. ಅಪ್ಪ ಜನರನ್ನು ಹೊಳೆ ದಾಟಿಸುವ ದೋಣಿಯ ಕೆಲಸ ಬಿಟ್ಟು ಮನೆಯಲ್ಲೇ ಇದ್ದ ಆ ಬೇಸಿಗೆ. ನನಗೆ ಆರು ವರ್ಷ, ನಿನಗೆ ಹದಿನಾಲ್ಕು. ಹಿತ್ತಲಿನ ತೊಟ್ಟಿಯಲ್ಲಿ ಡಬ್ಬಿಯ ಮುಚ್ಚಳ ತೇಲಿಬಿಟ್ಟು, ಅಮ್ಮನ ಹಳೆಯ ಗುಂಡಿಗಳನ್ನು ಜನರೆಂದು ಅದರಲ್ಲಿ ಕೂರಿಸಿ, ಅವನು ನನ್ನನ್ನು ಆಡಿಸುತ್ತಿದ್ದ. "ದಪ್ಪ ಸಾಹುಕಾರ ಬಂದ, ಎಲ್ಲಿ ಕೂರಿಸ್ತೀ?" ಅನ್ನುತ್ತಿದ್ದ. ಅದುವರೆಗೆ ಬೆಳಗ್ಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದ ಅಪ್ಪ ದಿನವಿಡೀ ನನ್ನ ಪಾಲಿಗೆ ಸಿಕ್ಕಿದ್ದ. ಅಂಥ ಬೇಸಿಗೆ ನನಗೆ ಮತ್ತೆ ಬರಲಿಲ್ಲ.

ಈಗ ತೊಂದರೆ ಏನೆಂದರೆ, ಇಂಥ ಆಟಗಳನ್ನು ಇಡುವುದು ಫೋನಿನೊಳಗಿನ ಅಂಗಡಿಯಲ್ಲಿ. ಅಲ್ಲಿ ಪ್ರತಿ ಆಟಕ್ಕೂ ಒಂದು ಚಿತ್ರ, ಅಂಚೆಚೀಟಿಯಷ್ಟು. ಮಗು ಬೆರಳಿನಿಂದ ಚಿತ್ರಗಳನ್ನು ಸರಿಸುತ್ತಾ ಹೋಗುತ್ತದೆ, ಹಿಡಿಸಿದರೆ ಒತ್ತುತ್ತದೆ. ಪರೀಕ್ಷೆಗೆಂದು ನಮ್ಮ ಆಟವನ್ನು ಒಂದು ತಿಂಗಳು ಇಟ್ಟೆವು. ನೂರು ಜನ ನೋಡಿದರೆ ಇಬ್ಬರು ಒತ್ತಿದರು. ಒಳಗೆ ಬಂದವರು ಬಿಡದೆ ಆಡಿದ್ದಾರೆ. ಆದರೆ ಬಾಗಿಲಲ್ಲೇ ಎಲ್ಲರೂ ಹಿಂದಿರುಗುತ್ತಿದ್ದಾರೆ. ಸೊಸೆ ಮಾಡಿದ ಚಿತ್ರವನ್ನೂ ಅಂಗಡಿಯ ಒಂದು ಪುಟವನ್ನೂ ಅಚ್ಚು ಹಾಕಿಸಿ ಇದರ ಜೊತೆ ಇಟ್ಟಿದ್ದೇನೆ.

ನಲವತ್ತು ವರ್ಷ ಬೆಂಕಿಪೊಟ್ಟಣಕ್ಕೆ ಲೇಬಲ್ ಬರೆದವನು ನೀನು. ಅಷ್ಟು ಸಣ್ಣ ಜಾಗದಲ್ಲಿ ಕಣ್ಣು ಹಿಡಿದು ನಿಲ್ಲಿಸುವುದು ನಿನಗಿಂತ ಯಾರಿಗೆ ಗೊತ್ತು? ಬರೆದುಕೊಡುತ್ತೀಯಾ?

ನಿನ್ನ
ಬುಗುರಿ


ಫೆಬ್ರವರಿ ೧೯

ಬುಗುರಿ,

ಕಾಗದ ತಲುಪಿತು. ನಿನ್ನ ಅತ್ತಿಗೆ ಅದನ್ನು ನನಗಿಂತ ಮೊದಲೇ ಓದಿ, "ಬರೆದುಕೊಡಿ, ಸುಮ್ಮನೆ ಕಿಟಕಿ ಕಾಯೋದು ತಪ್ಪುತ್ತೆ" ಎಂದು ತೀರ್ಪು ಕೊಟ್ಟಿದ್ದಾಳೆ.

ಮೊದಲು ನಿನ್ನ ಸೊಸೆಯ ಚಿತ್ರದ ಮಾತು. ಹುಡುಗಿಗೆ ಬೇಸರವಾಗದಂತೆ ನೀನೇ ಹೇಳು. ಅದರಲ್ಲಿ ಕಪ್ಪುಹಲಗೆ ಇದೆ, ಐದು ಮಕ್ಕಳಿದ್ದಾರೆ, ದೋಣಿ ಇದೆ, ನಕ್ಷತ್ರ ಇದೆ, ಕೂಡುವ ಗುರುತು, ಕಳೆಯುವ ಗುರುತು, ಕನ್ನಡಕ ಹಾಕಿಕೊಂಡು ನಗುವ ಪೆನ್ಸಿಲ್ ಬೇರೆ. ಆ ಪೆನ್ಸಿಲ್ ನೋಡಿದ ಮೇಲೆ ಅರವತ್ತೆರಡು ವರ್ಷದ ನನಗೇ ಶಾಲೆ ತಪ್ಪಿಸಿಕೊಳ್ಳೋಣ ಅನ್ನಿಸಿತು. ಆಟವನ್ನು ಹುಡುಕಿಕೊಂಡು ಬಂದ ಮಗುವಿಗೆ ಬಾಗಿಲಲ್ಲೇ ಪಾಠ ಕಂಡರೆ ಒಳಗೆ ಯಾಕೆ ಬರುತ್ತದೆ?

ನಮ್ಮ ಅಚ್ಚುಕೂಟದ ಯಜಮಾನರು ಲೇಬಲ್ಲನ್ನು ಎಂದೂ ಕೈಯಲ್ಲಿ ಹಿಡಿದು ನೋಡಿದವರಲ್ಲ. ಪೊಟ್ಟಣಕ್ಕೆ ಅಂಟಿಸಿ, ಹತ್ತು ಹೆಜ್ಜೆ ದೂರದ ಕಪಾಟಿನಲ್ಲಿ ಬೇರೆಯವರ ಪೊಟ್ಟಣಗಳ ನಡುವೆ ಇಡುತ್ತಿದ್ದರು. ಬಾಗಿಲಿನಿಂದ ಒಳಗೆ ಬಂದು, "ಏನು ಕಾಣ್ತು?" ಎಂದು ತಮ್ಮನ್ನೇ ಕೇಳಿಕೊಳ್ಳುತ್ತಿದ್ದರು. ಹುಲಿ ಕಂಡರೆ ಸರಿ. "ಹುಲಿ, ಮರ, ಆಮೇಲೆ ಏನೋ ಇದೆ" ಅನ್ನಿಸಿದರೆ ಮರ ಹೋಗುತ್ತಿತ್ತು. ಒಂದು ಲೇಬಲ್ಲಿಗೆ ಒಂದೇ ಮಾತು. ಪಕ್ಕದವನು ಕೆಂಪು ಬಳಿದಿದ್ದರೆ ನಾವು ಹಳದಿ. ಕಡ್ಡಿಯಲ್ಲಿ ಇಲ್ಲದ ಗುಣವನ್ನು ಮೇಲೆ ಹೊಗಳಿ ಬರೆಯಬಾರದು. ಇನ್ನೂ ಒಂದು, ಮುಖ್ಯವಾದದ್ದನ್ನು ಅಂಚಿಗೆ ಇಡಬಾರದು, ಅಂಚು ಕತ್ತರಿಯ ಪಾಲು.

ನೀನು ಕಳಿಸಿದ ಪುಟವನ್ನು ಗೋಡೆಗೆ ಅಂಟಿಸಿ ದೂರದಿಂದ ನೋಡಿದೆ. ಎಲ್ಲವೂ ನೀಲಿ, ನೇರಳೆ. ಬಾಯಿ ತೆರೆದು ಕೂಗುವ ಮುಖಗಳೇ ಹೆಚ್ಚು. ಹಳದಿ ಹಾಕಿದರೆ ನಮ್ಮದು ಕಾಣುತ್ತದೆ.

ಬರೆಯುತ್ತೇನೆ. ಆದರೆ ನನ್ನಿಂದ ಮನುಷ್ಯರನ್ನು ನಿರೀಕ್ಷಿಸಬೇಡ. ಜೀವಮಾನವೆಲ್ಲ ಹುಲಿ, ಜಿಂಕೆ, ಲಾಟೀನು, ಬೀಗದ ಕೈ ಬರೆದವನು. ಕೈಗೆ ಅಭ್ಯಾಸವಿಲ್ಲ.

ಅಣ್ಣ


ಮಾರ್ಚ್ ೪

ಅಣ್ಣನಿಗೆ,

ಪೆನ್ಸಿಲ್ಲಿನ ಮಾತನ್ನು ಸೊಸೆಗೆ ಸಕ್ಕರೆ ಹಾಕಿ ಹೇಳೋಣವೆಂದಿದ್ದೆ. ಅವಳು ಕಾಗದವನ್ನೇ ಕಿತ್ತುಕೊಂಡು ಓದಿ ಬಿದ್ದು ಬಿದ್ದು ನಕ್ಕಳು. ಪೆನ್ಸಿಲ್ಲನ್ನು ಅಳಿಸಿಯೂ ಆಯಿತು. ಈಗ ಯಾವ ಚಿತ್ರ ಬಂದರೂ ಊಟದ ಮೇಜಿನ ಆ ತುದಿಯಲ್ಲಿ ನಿಲ್ಲಿಸಿ, ಅಡುಗೆಮನೆಯಿಂದ ಓಡಿ ಬಂದು, "ಅತ್ತೆ, ಏನ್ ಕಾಣ್ತು?" ಅನ್ನುತ್ತಾಳೆ.

ಅವಳ ಲೆಕ್ಕಾಚಾರ ಕೇಳು. ಅಂಗಡಿಯವರು ಮೂರು ಆಕಾರ ಕೇಳುತ್ತಾರೆ: ಸಣ್ಣ ಚೌಕ, ಅಗಲದ್ದು, ಉದ್ದದ್ದು. ಒಂದೇ ಚಿತ್ರವನ್ನು ಮೂರಕ್ಕೂ ಕತ್ತರಿಸುವಂತೆ ನಡುವಿನಲ್ಲೇ ಎಲ್ಲವೂ ಇರಬೇಕು. ಅಕ್ಷರ ಅಗಲದ್ದಕ್ಕೆ ಮಾತ್ರ. ಮೇ ಇಪ್ಪತ್ತೈದರೊಳಗೆ ಕೊಟ್ಟರೆ ಶಾಲೆ ಶುರುವಾಗುವ ಹೊತ್ತಿಗೆ ಆಟ ಹೊರಗೆ ಬರುತ್ತದೆ. ಆ ವಾರ ತಪ್ಪಿದರೆ ನಮ್ಮಂಥವರ ಆಟ ಎಲ್ಲೋ ತಳದಲ್ಲಿ ಹೂತುಹೋಗುತ್ತದಂತೆ. ಎರಡು ವರ್ಷದ ದುಡಿಮೆ, ಅಣ್ಣ. ಅವಳು ಇದಕ್ಕಾಗಿ ಒಳ್ಳೆಯ ಕೆಲಸವೊಂದನ್ನು ಬಿಟ್ಟಿದ್ದಾಳೆ.

ನನ್ನ ಮನಸ್ಸಿನಲ್ಲಿ ಒಂದು ಚಿತ್ರವಿದೆ. ದೋಣಿ ಒಂದು ಕಡೆಗೆ ವಾಲಿರಬೇಕು. ಒಬ್ಬ ಹೆಂಗಸು ಅಂಚು ಹಿಡಿದುಕೊಂಡಿರಬೇಕು. ಇನ್ನೇನು ಬಿದ್ದೇಬಿಟ್ಟಳು ಅನ್ನಿಸಬೇಕು. ನೋಡಿದ ಮಗುವಿನ ಕೈ ತಾನಾಗಿ ಮುಂದೆ ಬರುತ್ತದೆ.

ಮನುಷ್ಯರ ಅಭ್ಯಾಸವಿಲ್ಲ ಎಂದೆಯಲ್ಲ, ಅದನ್ನು ನಂಬಲಾರೆ. ಚಿಕ್ಕವನಿದ್ದಾಗ ನೀನು ದಡದಲ್ಲಿ ಕಾಯುತ್ತಿದ್ದವರ ಮುಖಗಳನ್ನೇ ಬರೆಯುತ್ತಿದ್ದೆ ಎಂದು ಅಮ್ಮ ಹೇಳುತ್ತಿದ್ದಳು.

ಬುಗುರಿ


ಮಾರ್ಚ್ ೨೨

ಬುಗುರಿ,

ಚಿತ್ರ ಇದರ ಜೊತೆಗಿದೆ. ನಡುವೆ ರಟ್ಟು ಇಟ್ಟಿದ್ದೇನೆ, ಅಂಚೆಯವರು ಮಡಚದಿರಲಿ.

ಹಳದಿ ದೋಣಿ, ಬೂದು ನೀರು. ಹತ್ತು ಹೆಜ್ಜೆಯಿಂದ ದೋಣಿಯೇ ಕಾಣುತ್ತದೆ. ನಿನ್ನ ಅತ್ತಿಗೆ ಹದಿನೈದು ಹೆಜ್ಜೆಯಿಂದಲೂ ಕಂಡಿತು ಎಂದಳು. ಆದರೆ ಅವಳಿಗೆ ನಾನು ಬರೆದದ್ದೆಲ್ಲ ಕಾಣುತ್ತದೆ.

ನಮ್ಮ ದೋಣಿಯ ಮೂತಿಯಲ್ಲಿ ಒಂದು ಹಲಗೆ ಬೇರೆ ಮರದ್ದಿತ್ತು, ಸ್ವಲ್ಪ ಕೆಂಪಗೆ. ಅದನ್ನೂ ಹಾಕಿದ್ದೇನೆ. ಅಂಚೆಚೀಟಿಯ ಗಾತ್ರದಲ್ಲಿ ಅದು ಕಾಣುವುದಿಲ್ಲ. ಆದರೂ ಹಾಕಿದೆ.

ಅಣ್ಣ


ಏಪ್ರಿಲ್ ೨

ಅಣ್ಣನಿಗೆ,

ಚಿತ್ರ ಬಿಚ್ಚಿದ ಕೂಡಲೇ ಕಣ್ಣು ತುಂಬಿತು. ಕೆಂಪು ಹಲಗೆಯನ್ನು ನಾನು ಮರೆತೇಬಿಟ್ಟಿದ್ದೆ. ನೀರಿನ ವಾಸನೆ, ಅಪ್ಪ ಹಗ್ಗ ಎಸೆಯುವಾಗ ಮಾಡುತ್ತಿದ್ದ "ಹೋ" ಎಂಬ ಸದ್ದು, ಎಲ್ಲವೂ ಒಟ್ಟಿಗೆ ಬಂದವು. ನನ್ನ ಕೋಣೆಯ ಗೋಡೆಗೆ ಅದನ್ನು ಕಟ್ಟು ಹಾಕಿಸುತ್ತೇನೆ.

ಆದರೆ ಅಂಗಡಿಗೆ ಅದು ಆಗದು. ಬೇಜಾರು ಮಾಡಿಕೊಳ್ಳಬೇಡ. ನಮ್ಮ ಶಾಲೆಯ ಮೂರನೇ ತರಗತಿಗೆ ತೋರಿಸಿ ಇಲ್ಲಿ ಏನಾಗುತ್ತಿದೆ ಎಂದು ಕೇಳಿದೆ. ಮಕ್ಕಳು ಸ್ವಲ್ಪ ಹೊತ್ತು ನೋಡಿದರು. ಕೊನೆಗೆ ಒಂದು ಹುಡುಗಿ, "ಏನೂ ಆಗ್ತಿಲ್ಲ ಮಿಸ್, ಎಲ್ರೂ ಇಳಿದು ಮನೆಗೆ ಹೋದ್ರು" ಅಂದಳು.

ಸೊಸೆ ಹೇಳುವುದೂ ಅದನ್ನೇ. ನೆಟ್ಟಗಿರುವ ದೋಣಿ ಎಂದರೆ ಉತ್ತರ ಬರೆದು ಮುಗಿಸಿದ ಲೆಕ್ಕ. ನಾವು ತೋರಿಸಬೇಕಾದದ್ದು ಪ್ರಶ್ನೆಯನ್ನು. ದೋಣಿ ವಾಲಲಿ, ಅಣ್ಣ. ಒಬ್ಬರಾದರೂ ಕೂತಿರಲಿ.

ಬುಗುರಿ


ಏಪ್ರಿಲ್ ೧೫

ಬುಗುರಿ,

ಇನ್ನೊಂದನ್ನು ಕಳಿಸಿದ್ದೇನೆ. ಒಂದು ಮೇಕೆ, ಎರಡು ಕೋಳಿ, ಒಂದು ಕುಂಬಳಕಾಯಿ ಕೂರಿಸಿದ್ದೇನೆ. ಮೇಕೆಯ ಮುಖ ನಗಿಸುವಂತಿದೆ, ನಿನ್ನ ಅತ್ತಿಗೆ ನಕ್ಕಳು.

ದೋಣಿಯನ್ನು ವಾಲಿಸಿಲ್ಲ. ವಾಲಿದರೆ ಮಕ್ಕಳಿಗೆ ಹೆದರಿಕೆ. ಚೌಕದೊಳಗೆ ಓರೆ ಗೆರೆ ಚೆನ್ನಾಗಿ ಕೂರುವುದೂ ಇಲ್ಲ. ಬಣ್ಣವೂ ಒಂದು ಕಡೆ ಭಾರವಾಗುತ್ತದೆ. ಇದು ಹಳಬರ ಅನುಭವದ ಮಾತು ಎಂದುಕೋ.

ಅಣ್ಣ


ಏಪ್ರಿಲ್ ೨೩

ಅಣ್ಣ,

ನಿನ್ನ ಮಾತು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿದೆ. ನಿನ್ನ ಕುದುರೆ ಲೇಬಲ್ಲಿನಲ್ಲಿ ಕುದುರೆ ಎರಡು ಕಾಲ ಮೇಲೆ ಎದ್ದು ಓರೆಯಾಗಿಯೇ ನಿಂತಿತ್ತು. ಅದು ಇಡೀ ಪ್ರಾಂತ್ಯದಲ್ಲಿ ಓಡಿತು. ಓರೆ ಗೆರೆ ಚೌಕದಲ್ಲಿ ಕೂರುವುದಿಲ್ಲ ಎಂದು ನನಗೆ ಹೇಳಬೇಡ.

ಇಷ್ಟು ವರ್ಷ ಕೇಳದೆ ಇದ್ದದ್ದನ್ನು ಈಗ ಕೇಳುತ್ತೇನೆ. ನಿನಗೆ ನಾಚಿಕೆಯೇ? ಹದಿನಾರಕ್ಕೆ ಮನೆ ಬಿಟ್ಟು ಹೋದೆ. ಅಪ್ಪ ದೋಣಿಯ ಕೆಲಸ ಬಿಟ್ಟು ದವಸದ ಗೋದಾಮು ಕಾಯುತ್ತಿದ್ದಾಗ ವರ್ಷಕ್ಕೊಮ್ಮೆ ಬಂದು, ಬೂಟು ಕಳಚುವ ಮೊದಲೇ ಹಿಂದಿರುಗುವ ಗಾಡಿಯ ಹೊತ್ತು ಕೇಳುತ್ತಿದ್ದೆ. ಅವನ ಎದುರು ಕೂತು ನೀನು ನಾಲ್ಕು ಮಾತು ಆಡಿದ್ದನ್ನು ನಾನು ಕಂಡಿಲ್ಲ. ದೋಣಿಯವನ ಮಗ ಅನ್ನಿಸಿಕೊಳ್ಳುವುದು ಬೇಡವಾಗಿತ್ತೇನೋ. ಈಗ ನಾನು ಅದೇ ದೋಣಿಯನ್ನು ಊರೆಲ್ಲಕ್ಕೂ ತೋರಿಸಲು ಹೊರಟಿದ್ದೇನೆ, ಅದಕ್ಕೇ ಮೇಕೆ, ಕೋಳಿ, ಕುಂಬಳಕಾಯಿ.

ಸೊಸೆಗೆ ಗೊತ್ತಿರುವ ಒಬ್ಬ ಚಿತ್ರಗಾರ್ತಿ ಇದ್ದಾಳೆ. ಅವಳನ್ನೇ ಕೇಳುತ್ತೇವೆ. ನಿನಗೆ ತೊಂದರೆ ಕೊಟ್ಟದ್ದಕ್ಕೆ ಕ್ಷಮಿಸು.

ತಂಗಿ


ಮೇ ೩

ಬುಗುರಿ,

ನಿನ್ನ ಕಾಗದವನ್ನು ಮೂರು ದಿನ ಜೇಬಿನಲ್ಲಿ ಇಟ್ಟುಕೊಂಡು ಓಡಾಡಿದೆ. ನಿನ್ನ ಅತ್ತಿಗೆ, "ಮೂವತ್ತೈದು ವರ್ಷದಿಂದ ನನ್ನ ಹತ್ರಾನೂ ಏನೋ ಬಚ್ಚಿಟ್ಟಿದ್ದೀರಿ, ಈಗಲಾದ್ರೂ ಯಾರಿಗಾದ್ರೂ ಹೇಳಿ" ಎಂದಳು. ಬೆಳಗ್ಗೆ ಅವಳಿಗೆ ಹೇಳಿದೆ. ಈಗ ನಿನಗೆ.

ನಾಚಿಕೆ ಎಂದೆ. ಹೌದು. ಆದರೆ ಅಪ್ಪನ ಬಗ್ಗೆ ಅಲ್ಲ.

ಆ ಬೇಸಿಗೆಯಲ್ಲಿ ಅಪ್ಪ ದೋಣಿಯ ಕೆಲಸವನ್ನು ತಾನಾಗಿ ಬಿಡಲಿಲ್ಲ, ದೋಣಿಯನ್ನು ಅವನಿಂದ ಕಿತ್ತುಕೊಂಡರು. ಇಷ್ಟು ನಿನಗೆ ಆಮೇಲೆ ಯಾರಾದರೂ ಹೇಳಿರಬಹುದು. ದೋಣಿ ಮಗುಚಿತ್ತು, ಅಪ್ಪ ಜನರನ್ನು ತಪ್ಪಾಗಿ ಕೂರಿಸಿದ್ದ ಎಂದು. ಅವನೇ ಎಲ್ಲರಿಗೂ ಹಾಗೆ ಹೇಳಿದ. ಕೂರಿಸಿದ್ದು ನಾನು.

ಹತ್ತು ವರ್ಷದವನಿದ್ದಾಗಿನಿಂದ ರಜೆಯಲ್ಲಿ ಜನರನ್ನು ಕೂರಿಸುವುದು ನನ್ನ ಕೆಲಸ. ಅಪ್ಪ ಹಿಂದೆ ನಿಂತು ಬಿದಿರಿನ ಜಲ್ಲೆ ಊರಿ ದೋಣಿ ನೂಕುತ್ತಿದ್ದ. ನನ್ನ ಕೈ ಅವನಿಗೆ ತಕ್ಕಡಿಯಂತೆ. ಅವತ್ತು ಗಾಳಿ ಇರಲಿಲ್ಲ, ನೀರು ಕನ್ನಡಿಯ ಹಾಗಿತ್ತು. ಒಂಬತ್ತು ಜನ. ಅವರಲ್ಲಿ ದರ್ಜಿಯ ಹೆಂಡತಿ, ಕಾಲ ಬಳಿ ಹೊಲಿಗೆ ಯಂತ್ರ ಇಟ್ಟುಕೊಂಡು. ಆಚೆ ದಡದಲ್ಲಿ ಅದನ್ನು ರಿಪೇರಿ ಮಾಡುವವನಿದ್ದ. ಶಾಲೆಯಲ್ಲಿ ನನಗೆ ಬಹುಮಾನ ಬಂದ ಚಿತ್ರದ ಪುಸ್ತಕ ತೊಡೆಯ ಮೇಲಿತ್ತು. ಎಲ್ಲರನ್ನೂ ಸರಿಯಾಗಿಯೇ ಕೂರಿಸಿ, ಅವಳ ಮುಖ ಬರೆಯತೊಡಗಿದೆ. ಪಕ್ಕದವನ ಕೊಡೆಯ ನೆರಳು ಅವಳ ಅರ್ಧ ಮುಖದ ಮೇಲೆ ಬಿದ್ದಿತ್ತು.

ನಾನು ಅಂದೆ, "ಅಕ್ಕಾ, ಸ್ವಲ್ಪ ಈ ಕಡೆ ಬನ್ನಿ, ಮುಖಕ್ಕೆ ಬೆಳಕು ಬೀಳಲಿ."

ಅವಳು ನಕ್ಕಳು. ಯಂತ್ರವನ್ನೂ ಎಳೆದುಕೊಂಡು ಸರಿದಳು. ಏನು ಬರೆಯುತ್ತಿದ್ದೇನೆಂದು ನೋಡಲು ಇನ್ನಿಬ್ಬರು ನನ್ನ ಕಡೆ ಬಾಗಿದರು. ಅಷ್ಟೇ. ಅಪ್ಪ "ಕೂತ್ಕೊಳ್ಳಿ" ಎಂದದ್ದು ಕೇಳಿಸಿತು, ಆಮೇಲೆ ನೀರು.

ಯಾರೂ ಸಾಯಲಿಲ್ಲ. ಐವರನ್ನು ಅಪ್ಪನೇ ಎಳೆದು ದಡಕ್ಕೆ ಹಾಕಿದ, ಉಳಿದವರು ಹಲಗೆ ಹಿಡಿದು ಬಂದರು. ಆದರೆ ದರ್ಜಿಯ ಹೆಂಡತಿಯ ಬಲಗೈ ಯಂತ್ರಕ್ಕೂ ದೋಣಿಗೂ ನಡುವೆ ಸಿಕ್ಕಿಕೊಂಡಿತ್ತು. ಆ ಕೈಯಿಂದ ಅವಳು ಮತ್ತೆ ಹೊಲಿಯಲಿಲ್ಲ.

ದೋಣಿಗಟ್ಟೆಯ ಅಧಿಕಾರಿ ಬಂದು ವಿಚಾರಿಸಿದಾಗ ನಾನು ಬಾಯಿ ತೆರೆಯುವ ಮೊದಲೇ ಅಪ್ಪ, "ಕೂರಿಸಿದ್ದು ನಾನೇ ಸಾರ್, ಹುಡುಗ ದಡದಲ್ಲಿದ್ದ" ಎಂದ. ದರ್ಜಿಯ ಹೆಂಡತಿ ಪಟ್ಟಿ ಕಟ್ಟಿದ ಕೈ ಮಡಿಲಲ್ಲಿ ಇಟ್ಟುಕೊಂಡು ನನ್ನ ಮುಖ ನೋಡಿದಳು. "ನನಗೇನೂ ನೆನಪಿಲ್ಲ" ಎಂದಳು. ಇಬ್ಬರೂ ಸೇರಿ ನನ್ನನ್ನು ಉಳಿಸಿದರು. ಅವತ್ತಿನಿಂದ ನನಗೆ ಇಬ್ಬರ ಮುಖವನ್ನೂ ನೇರವಾಗಿ ನೋಡಲು ಆಗಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವವನಂತೆ, ಯಾರು ದೋಣಿ ಎಂದರೂ ಎದ್ದು ಹೊರಗೆ ಹೋಗುತ್ತಿದ್ದೆ.

ನಾನು ಲೇಬಲ್ ಕೆಲಸಕ್ಕೆ ಹೊರಟ ದಿನ ಅಪ್ಪ ರೈಲಿನವರೆಗೂ ಬಂದಿದ್ದ. ಗಾಡಿ ಅಲ್ಲಾಡಿದಾಗ ಎರಡೇ ಮಾತು ಹೇಳಿದ: "ಕೈ ಜೋಪಾನ." ಆ ಕೈಯಿಂದ ಏನು ಮಾಡಿದೆ ಎಂಬುದನ್ನು ಮರೆಯಬೇಡ ಎಂದು ಅರ್ಥಮಾಡಿಕೊಂಡೆ. ಮನುಷ್ಯರ ಮುಖವನ್ನು ಮತ್ತೆ ಬರೆಯಲಿಲ್ಲ. ಹುಲಿಗೆ ಬೆಳಕಿನ ಕಡೆ ಸರಿ ಎಂದು ಹೇಳಬೇಕಾಗಿಲ್ಲ.

ನೀನು ನಿನ್ನ ಒಳ್ಳೆಯ ಬೇಸಿಗೆ ಎಂದು ಬರೆದಾಗ ಸುಮ್ಮನಿರಬೇಕು ಅಂದುಕೊಂಡೆ. ಅದನ್ನೂ ಕೆಡಿಸಬಾರದು ಎಂದು. ಈಗ ಕೆಡಿಸಿದೆ. ಆ ಚಿತ್ರಗಾರ್ತಿಗೆ ಹೇಳು, ಹಳದಿಯನ್ನು ಬಿಡದಿರಲಿ.

ಅಣ್ಣ


ಮೇ ೧೬

ಅಣ್ಣನಿಗೆ,

ಉತ್ತರ ತಡವಾಯಿತು. ನಾಲ್ಕು ಸಲ ಬರೆದು ಹರಿದೆ. ಮೊದಲಿನ ಎರಡರಲ್ಲಿ ಬರೀ ಕೋಪವಿತ್ತು, ಅವು ನಿನಗೆ ತಲುಪದೆ ಹೋದದ್ದೇ ಒಳ್ಳೆಯದು.

ಯಾವುದಕ್ಕೆ ಕೋಪ ಎಂದು ಈಗ ಹೇಳಬಲ್ಲೆ. ನಾನು ತೊಟ್ಟಿಯ ಪಕ್ಕ ಕೂತು ಕೈ ತಟ್ಟುತ್ತಿದ್ದಾಗ ಮನೆಯೊಳಗೆ ನಿಮ್ಮೆಲ್ಲರ ಎದೆ ಒಡೆದಿತ್ತು, ಯಾರೂ ನನಗೆ ಹೇಳಲಿಲ್ಲ. ಆರು ವರ್ಷದವಳಿಗೆ ಹೇಳದಿದ್ದದ್ದು ಸರಿ. ಐವತ್ತು ದಾಟಿದವಳಿಗೂ ಹೇಳಲಿಲ್ಲವಲ್ಲ. ಅದರ ಮೇಲೆ, ನಾಚಿಕೆಯೇ ಎಂದು ನಿನಗೆ ಬರೆದೆ. ಆ ಕಾಗದವನ್ನು ಹಿಂದಕ್ಕೆ ಪಡೆಯುವ ದಾರಿ ಇದ್ದಿದ್ದರೆ ಅಂಚೆಯವನ ಕಾಲು ಹಿಡಿಯುತ್ತಿದ್ದೆ.

ನಿನ್ನ ತಪ್ಪಲ್ಲ ಎಂದು ಬರೆಯುವುದಿಲ್ಲ, ನೀನು ನಂಬುವುದೂ ಇಲ್ಲ. ತಪ್ಪೇ. ಹದಿನಾಲ್ಕರ ಹುಡುಗನ ತಪ್ಪು. ನನ್ನ ತರಗತಿಯಲ್ಲಿ ಆ ವಯಸ್ಸಿನವರು ಎಷ್ಟೋ ಮಂದಿ ಇದ್ದರು. ಅವರಲ್ಲಿ ಒಬ್ಬ ಹೀಗೆ ಮಾಡಿಕೊಂಡಿದ್ದರೆ ನಾನು ಅವನಿಗೆ ನಲವತ್ತೆಂಟು ವರ್ಷದ ಶಿಕ್ಷೆ ಹಾಕುತ್ತಿರಲಿಲ್ಲ.

ನಿನಗೆ ಗೊತ್ತಿಲ್ಲದ ಎರಡು ವಿಷಯ ಹೇಳುತ್ತೇನೆ. ಗೊತ್ತಿದೆ ಅಂದುಕೊಂಡೇ ಇಷ್ಟು ವರ್ಷ ಹೇಳಿರಲಿಲ್ಲ.

ತೊಟ್ಟಿಯ ಆ ಆಟದಲ್ಲಿ ಗುಂಡಿಗಳು ಯಾವಾಗಲೂ ಒಂಬತ್ತೇ. ಹತ್ತು ಹಾಕೋಣ ಎಂದು ಹಟ ಮಾಡಿದರೂ ಅಪ್ಪ ಒಪ್ಪುತ್ತಿರಲಿಲ್ಲ. ಎಲ್ಲ ಮುಗಿದ ಮೇಲೆ ಅವನೇ ಬೆರಳಿನಿಂದ ಮುಚ್ಚಳ ಮಗುಚಿ, ತಳಕ್ಕೆ ಹೋದ ಗುಂಡಿಗಳನ್ನು ಒಂದೊಂದಾಗಿ ಎತ್ತಿ, ನನ್ನ ಅಂಗೈ ಮೇಲೆ ಇಟ್ಟು ಎಣಿಸುತ್ತಿದ್ದ. "ಒಂಬತ್ತೂ ಬಂದ್ರು, ನೋಡು" ಅನ್ನುತ್ತಿದ್ದ. ನೀನು ಹಿತ್ತಲ ಬಾಗಿಲಿನ ಒಳಗೆ ನಿಂತಿರುತ್ತಿದ್ದೆ. ನನಗೆ ಕೇಳಿಸಲೆಂದು ಅಷ್ಟು ಗಟ್ಟಿಯಾಗಿ ಹೇಳುತ್ತಾನೆ ಅಂದುಕೊಂಡಿದ್ದೆ. ನಾನು ಅವನ ಮಗ್ಗುಲಲ್ಲೇ ಕೂತಿದ್ದೆ, ಅಣ್ಣ. ನನಗೆ ಅಷ್ಟು ಗಟ್ಟಿಯಾಗಿ ಹೇಳಬೇಕಾಗಿರಲಿಲ್ಲ.

ಇನ್ನೊಂದು. ಗೋದಾಮಿನೊಳಗೆ ಬೆಂಕಿಪೊಟ್ಟಣ ಒಯ್ಯುವಂತಿರಲಿಲ್ಲ. ಅಪ್ಪ ಕಡ್ಡಿಗಳನ್ನೆಲ್ಲ ಅಮ್ಮನ ಡಬ್ಬಿಗೆ ಸುರಿದು ಖಾಲಿ ಪೊಟ್ಟಣಗಳನ್ನು ಜೇಬಿಗೆ ತುಂಬಿಕೊಂಡು ಹೋಗುತ್ತಿದ್ದ. ಮೇಲ್ವಿಚಾರಕ ಬಾಗಿಲಲ್ಲಿ ಜೇಬು ತಡವಿ ಎರಡು ಸಲ ಬೈದಿದ್ದ. ಊಟದ ಹೊತ್ತಿಗೆ ಮೂಟೆ ಹೊರುವವರಿಗೆ ಅವನ್ನು ಸಾಲಾಗಿ ಇಟ್ಟು ತೋರಿಸುತ್ತಿದ್ದನಂತೆ, "ಇದು ನಮ್ಮ ಹುಡುಗನ ಕೈ" ಎಂದು. "ಕೈ ಜೋಪಾನ" ಎಂದರೆ ಕೈ ಜೋಪಾನ ಎಂದೇ ಅರ್ಥ. ಅವನಿಗೆ ಒಳಗೊಂದು ಹೊರಗೊಂದು ಮಾತಾಡಲು ಯಾವತ್ತು ಬರುತ್ತಿತ್ತು?

ಚಿತ್ರದ ಚಿಂತೆ ಬಿಡು. ಬೇರೆ ಯಾರನ್ನೂ ಕೇಳಿಲ್ಲ, ಅದು ಸಿಟ್ಟಿನಲ್ಲಿ ಬರೆದ ಮಾತು. ಖಾಲಿ ದೋಣಿಯನ್ನೇ ಹಾಕುತ್ತೇವೆ. ಸೊಸೆಯೂ ಒಪ್ಪಿದ್ದಾಳೆ.

ಬುಗುರಿ


ಮೇ ೧೭

ಬುಗುರಿ,

ನಿನ್ನ ಉತ್ತರ ಬಂದಿಲ್ಲ. ಬರುತ್ತದೋ ಇಲ್ಲವೋ ತಿಳಿಯದು. ಅಂಗಡಿಯವರ ಗಡುವು ಮಾತ್ರ ಕಾಯುವುದಿಲ್ಲ, ಆದ್ದರಿಂದ ಈ ಕಟ್ಟನ್ನು ಕಳಿಸುತ್ತಿದ್ದೇನೆ. ನಿಮಗೆ ಬೇರೆ ಚಿತ್ರ ಸಿಕ್ಕಿದ್ದರೆ ಇದನ್ನು ಎತ್ತಿಟ್ಟುಬಿಡು.

ನಿನಗೆ ಬರೆದು ಹಾಕಿದ ಮರುದಿನ ಬೆಳಗ್ಗೆ ಕುಂಚ ಹಿಡಿದೆ. ಮೊದಲು ದೋಣಿಯನ್ನು ಓರೆಯಾಗಿ ಬರೆದು, ಒಂದಿಡೀ ದಿನ ಅದರ ಕಡೆ ನೋಡಲಿಲ್ಲ. ಮರುದಿನ ದರ್ಜಿಯ ಹೆಂಡತಿಯನ್ನು ಬರೆದೆ. ಮುಖ ನೆನಪಿರಲಾರದು ಅಂದುಕೊಂಡಿದ್ದೆ. ಮೂಗಿನ ಪಕ್ಕದ ಮಚ್ಚೆಯೂ ನೆನಪಿತ್ತು. ಅವತ್ತು ಅರ್ಧಕ್ಕೆ ನಿಂತಿದ್ದು ಈಗ ಮುಗಿಯಿತು.

ಒಂದು ಕೈ ಹಲಗೆಯ ಮೇಲಿದೆ, ಇನ್ನೊಂದು ನೋಡುವವರ ಕಡೆಗೆ ಚಾಚಿದೆ. ಅವಳು ಕೂಗುತ್ತಿಲ್ಲ. ನಿನ್ನ ಅಂಗಡಿಯ ಪುಟದಲ್ಲಿ ಎಲ್ಲರೂ ಕೂಗುತ್ತಾರೆ, ನಮ್ಮವಳು ಬಾಯಿ ಮುಚ್ಚಿ ನಗು ತಡೆದುಕೊಂಡಿದ್ದಾಳೆ. ಅದರಿಂದಲೇ ಬೇರೆಯಾಗಿ ಕಾಣುತ್ತಾಳೆ. ಉಳಿದವರನ್ನು ಬಿಟ್ಟೆ. ದೋಣಿ, ಮುಖ, ಕೈ, ಅಷ್ಟೇ. ಸುತ್ತ ನೀರು ಬೇಕಾದಷ್ಟು ಬಿಟ್ಟಿದ್ದೇನೆ, ಮೂರು ಆಕಾರಕ್ಕೂ ಕತ್ತರಿಸಿಕೊಳ್ಳಿ. "ಹೊಸದು", "ಉಚಿತ", "ಕಲಿಯಿರಿ" ಅಂತೆಲ್ಲ ಮೂಲೆಯಲ್ಲಿ ಏನನ್ನೂ ಅಂಟಿಸಬೇಡಿ ಎಂದು ಸೊಸೆಗೆ ಹೇಳು.

ಅಣ್ಣ


ಜೂನ್ ೩೦

ಅಣ್ಣನಿಗೆ,

ನಮ್ಮ ಕಾಗದಗಳು ದಾರಿಯಲ್ಲಿ ಒಂದನ್ನೊಂದು ದಾಟಿಹೋದವು. ನಿನಗೆ ನನ್ನದು ತಲುಪಿದ ದಿನ ಏನನ್ನಿಸಿತೆಂದು ಕೇಳುವುದಿಲ್ಲ. ಅತ್ತಿಗೆ ಬೇರೆಯಾಗಿ ಎರಡು ಸಾಲು ಬರೆದಿದ್ದಳು, ಅಷ್ಟು ಸಾಕು.

ನಿನ್ನ ಕಟ್ಟು ಬಿಚ್ಚಿದಾಗ ಸೊಸೆ ಎಂದಿನಂತೆ ಅಡುಗೆಮನೆಯಿಂದ ಓಡಿ ಬಂದಳು. ಬಂದವಳು ಏನು ಕಂಡಿತು ಎಂದು ಕೇಳಲೇ ಇಲ್ಲ. ತನ್ನ ಕೈಯನ್ನು ಚಿತ್ರದ ಕೈಯ ಹತ್ತಿರ ತಂದು ನಿಂತುಬಿಟ್ಟಳು. ಮೂರನೇ ತರಗತಿಯ ಮಕ್ಕಳಿಗೆ ನಾನು ಪ್ರಶ್ನೆ ಕೇಳುವ ಮೊದಲೇ ಅವರೇ, "ಮಿಸ್, ಇವರು ಬಿದ್ದೋಗ್ತಾರಾ?" ಎಂದರು. ಗೊತ್ತಿಲ್ಲ ಎಂದೆ. ಅವರಿಗೆ ತಡೆಯಲಾಗಲಿಲ್ಲ.

ಈಗ ನೂರಕ್ಕೆ ಹದಿಮೂರು ಜನ ಒತ್ತುತ್ತಿದ್ದಾರೆ. ನಮ್ಮಂಥ ಪುಟ್ಟ ಆಟಕ್ಕೆ ಇದು ದೊಡ್ಡದಂತೆ. ಸೊಸೆ ಎರಡನೆಯ ಆಟದ ಮಾತು ತೆಗೆದಿದ್ದಾಳೆ. ನಾನು ದಿನಕ್ಕೊಮ್ಮೆ ಆ ಅಂಗಡಿ ತೆರೆದು ನಮ್ಮ ದೋಣಿ ಇದೆಯೇ ಎಂದು ಸುಮ್ಮನೆ ನೋಡುತ್ತೇನೆ, ಅಮ್ಮ ಸಂಜೆ ದಡಕ್ಕೆ ಬಂದು ನೋಡುತ್ತಿದ್ದ ಹಾಗೆ.

ಆ ಬೇಸಿಗೆ ಕೆಟ್ಟಿತು ಎಂದು ಬರೆದಿದ್ದೆಯಲ್ಲ, ಕೆಟ್ಟಿಲ್ಲ. ಈಗ ಅದರಲ್ಲಿ ನೀನೂ ಇದ್ದೀಯ. ಮೊದಲು ನನ್ನ ನೆನಪಿನಲ್ಲಿ ನಾನೂ ಅಪ್ಪನೂ ಮಾತ್ರ ಇದ್ದೆವು.

ಬುಗುರಿ


ಜುಲೈ ೨೨

ಬುಗುರಿ,

ಮೊನ್ನೆ ಕುಂಚ ಕೊಳ್ಳಲು ಪೇಟೆಗೆ ಹೊರಟಿದ್ದೆ. ಎರಡು ತಿಂಗಳಿಂದ ಅಕ್ಕಪಕ್ಕದವರ ಮುಖ ಬರೆಯುತ್ತಿದ್ದೇನೆ. ಎಲ್ಲರೂ ತಮ್ಮ ಮೂಗು ಹೀಗಿಲ್ಲ ಎಂದು ತಕರಾರು ಮಾಡುತ್ತಾರೆ. ಅದಿರಲಿ.

ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಒಬ್ಬ ತಾಯಿ, ಎಂಟು ವರ್ಷದ ಮಗಳು. ಮಗಳ ಕೈಯಲ್ಲಿ ಅಮ್ಮನ ಫೋನು. ಅವಳ ಭುಜದ ಮೇಲಿಂದ ನನಗೆ ಎಲ್ಲವೂ ಕಾಣುತ್ತಿತ್ತು. ನೀನು ಅಚ್ಚು ಹಾಕಿಸಿ ಕಳಿಸಿದ್ದಂಥ ಪುಟ. ಹೆಬ್ಬೆರಳು ನೀಲಿ, ನೇರಳೆ, ಕೂಗುವ ಮುಖಗಳನ್ನೆಲ್ಲ ಸರಿಸುತ್ತಾ ಹೋಯಿತು. ನಮ್ಮ ಹಳದಿ ಬಂತು, ದಾಟಿಯೂ ಹೋಯಿತು. ನಾನು ಕಿಟಕಿಯ ಕಡೆ ತಿರುಗಿದೆ. ಮತ್ತೆ ನೋಡುವಷ್ಟರಲ್ಲಿ ಹೆಬ್ಬೆರಳು ಹಿಂದಕ್ಕೆ ಬಂದು ಒತ್ತಿತ್ತು.

ನಿನ್ನ ಆಟವನ್ನು ನಾನು ಅದುವರೆಗೆ ಕಂಡಿರಲಿಲ್ಲ, ನನ್ನ ಫೋನಿನಲ್ಲಿ ಅಂಕಿಗಳಷ್ಟೇ ಇವೆ. ಮಗು ಯೋಚಿಸದೆ ಎಲ್ಲರನ್ನೂ ಒಂದೇ ಕಡೆ ಕೂರಿಸಿತು. ದೋಣಿ ಓರೆಯಾಯಿತು. ನಾನು ಮುಂದಿನ ಸೀಟಿನ ಸರಳು ಹಿಡಿದುಕೊಂಡೆ. ದೋಣಿ ಮಗುಚಿತು.

ಆಮೇಲೆ ಏನಾಗುತ್ತದೆಂದು ನೀನು ಒಂದು ಕಾಗದದಲ್ಲೂ ಬರೆದಿರಲಿಲ್ಲ. ಒಬ್ಬೊಬ್ಬರ ತಲೆಯೂ ನೀರಿನಿಂದ ಮೇಲೆ ಬಂತು. ಎಲ್ಲರೂ ಈಜಿ ದಡ ಹತ್ತಿದರು, ಬಟ್ಟೆ ಹಿಂಡಿಕೊಂಡರು, ಗೊಣಗಿದರು, ಮತ್ತೆ ಸಾಲಿನಲ್ಲಿ ನಿಂತರು. ಮಗು ಕಿಲಕಿಲ ನಕ್ಕು ಬೇಕೆಂದೇ ಇನ್ನೊಮ್ಮೆ ಬೀಳಿಸಿತು. ಮತ್ತೂ ಒಮ್ಮೆ.

ತಾಯಿ ಬಸ್ಸಿನ ಸದ್ದು ಮೀರಿ, ನನ್ನ ಕಿವಿಗೂ ಬೀಳುವಷ್ಟು ಗಟ್ಟಿಯಾಗಿ, "ಸರಿಯಾಗಿ ಕೂರಿಸೇ, ಪಾಪ ಅವರು" ಎಂದಳು.

"ಏನೂ ಆಗಲ್ಲಮ್ಮ," ಎಂದಿತು ಮಗು, ಅಷ್ಟೇ ಗಟ್ಟಿಯಾಗಿ. "ಎಲ್ರೂ ಮೇಲೆ ಬರ್ತಾರೆ. ಈಗ ನೋಡು, ಸರಿಯಾಗಿ ಕೂರಿಸ್ತೀನಿ."

ಕೂರಿಸಿತು. ದಪ್ಪನೆಯವನನ್ನು ನಡುವಿಗೆ ತಂದಿತು, ಇಬ್ಬರು ತೆಳ್ಳನೆಯವರನ್ನು ತುದಿಗೆ ಸರಿಸಿತು, ಸ್ವಲ್ಪ ಹೊತ್ತು ತುಟಿ ಕಚ್ಚಿಕೊಂಡು ನೋಡಿ ಕೊನೆಯವಳನ್ನು ಕೂರಿಸಿತು. ದೋಣಿ ಹೊರಟಿತು. ಅದು ಆಚೆ ದಡ ಮುಟ್ಟುವವರೆಗೂ ನಾನು ಕಣ್ಣು ಕೀಳಲಿಲ್ಲ.

ಆಮೇಲೆ ಕಂಡಕ್ಟರ್ ಬಂದು ಭುಜ ಮುಟ್ಟಿದ. ಬಸ್ಸು ಖಾಲಿಯಾಗಿತ್ತು, ಅದು ಕೊನೆಯ ನಿಲ್ದಾಣ. ನಾನು ಇಳಿಯಬೇಕಾದ ಜಾಗ ಬಹಳ ಹಿಂದೆಯೇ ಹೋಗಿತ್ತು. ತಾಯಿ ಮಗಳು ಯಾವಾಗ ಇಳಿದರೋ ತಿಳಿಯದು. ನಡೆದುಕೊಂಡೇ ಹಿಂದಿರುಗಿದೆ. ಒಂದೂವರೆ ಗಂಟೆ ಹಿಡಿಯಿತು ಎಂದು ನಿನ್ನ ಅತ್ತಿಗೆ ಹೇಳುತ್ತಾಳೆ. ನನಗೆ ದೂರ ಅನ್ನಿಸಲಿಲ್ಲ.

ಅಣ್ಣ